ಸಂಜೆಯ ರೊಟ್ಟಿಗೆ ಜೊತೆ ಯಾವುದು: ತೊಗರಿ ಬೇಳೆ, ಪುಂಡಿ ಪಲ್ಯ, ಜುಣಕ

ಕಲಬುರಗಿಯಲ್ಲಿ ಕಚೇರಿ ಮುಗಿಸಿ ಬಂದು ಇಬ್ಬರಿಗಾಗುವಷ್ಟು ಅಡುಗೆ ಮಾಡಿಕೊಳ್ಳಬೇಕಾದವರಿಗೆ ಕಡಲೆ ಹಿಟ್ಟಿನ ಪಲ್ಯವಾದ ಜುಣಕಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರೊಟ್ಟಿಯನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಅಕ್ಕನವರಿಂದ ಕಡಕ್ ಜೋಳದ ರೊಟ್ಟಿ ತಂದಿಟ್ಟುಕೊಂಡರೆ ಅದು ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ, ಸಂಜೆಗೆ ಉಳಿಯುವ ಪ್ರಶ್ನೆ ಅದರ ಜೊತೆಗೇನು ಎಂಬುದೊಂದೇ.

ತೊಗರಿಯ ನಾಡಿನಲ್ಲಿದ್ದು ಬೇಳೆಯನ್ನು ಬಿಟ್ಟು ಬೇರೆಯದನ್ನು ಮೆಚ್ಚುವುದು ಸುಲಭವಲ್ಲ. ನಮ್ಮ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ನೆಹರೂ ಗಂಜ್ ಮಾರುಕಟ್ಟೆಯಿಂದ ಪಾಲಿಶ್ ಮಾಡದ ಬೇಳೆಯನ್ನು ತುಸು ಹೆಚ್ಚು ಹಣ ಕೊಟ್ಟೇ ತಂದೆ. ಅದಕ್ಕೆಂದೇ ಎರಡು ಲೀಟರಿನ ಕುಕ್ಕರನ್ನೂ ಕೊಂಡೆ. ರುಚಿಯ ಬಗ್ಗೆ ನನ್ನ ದೂರಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಆ ಬೇಳೆಯ ಮುಂದೆ ಉಳಿದವೆಲ್ಲ ಸಪ್ಪೆ. ದೂರಿರುವುದು ನೀರಿನ ಬಗ್ಗೆ.

ನಳದಲ್ಲಿ ಭೀಮಾ ನದಿಯ ನೀರು ಬಂದ ದಿನ ಬೇಳೆ ಮೂರು ಸೀಟಿಗೆ ಬೆಣ್ಣೆಯಂತೆ ಕರಗುತ್ತದೆ. ನಳ ಬಾರದ ದಿನ ಬೋರ್‌ವೆಲ್ ನೀರೇ ಗತಿ, ಆ ದಿನ ಎಷ್ಟು ಸೀಟಿ ಕೂಗಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಅನುಮಾನ ಪರಿಹರಿಸಿಕೊಳ್ಳಲು ಒಂದೇ ಡಬ್ಬಿಯ ಬೇಳೆಯನ್ನು ಎರಡು ಸಣ್ಣ ಬಟ್ಟಲುಗಳಲ್ಲಿ ಹಾಕಿ, ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಬೋರ್ ನೀರು ಸುರಿದು, ಮನೆಯ ದೊಡ್ಡ ಕುಕ್ಕರಿನಲ್ಲಿ ಒಟ್ಟಿಗೆ ಬೇಯಿಸಿದೆ. ಮೊದಲನೆಯದು ಬೆರಳಿಗೆ ಸಿಗುವ ಮುನ್ನವೇ ಹಿಟ್ಟಾಯಿತು. ಎರಡನೆಯದನ್ನು ಒತ್ತಿದರೆ ಅಂಚು ಮಾತ್ರ ಮೆತ್ತಗಾಗಿದ್ದ ಬೇಳೆ ಬೆರಳಿನಿಂದ ಜಾರಿ ಹೋಯಿತು, ಮೇಲೆ ತಿಳಿ ನೀರು ಬೇರೆಯಾಗಿ ನಿಂತಿತ್ತು.

ಕಾರಣ ನಿಗೂಢವೇನಲ್ಲ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್‌ಗೆ ಕೂಡಿಕೊಂಡು ಆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಬೇಳೆ ಹಳೆಯದಾಗಿದ್ದರೆ ಕಷ್ಟ ಮತ್ತೂ ಹೆಚ್ಚು. ಚಿಟಿಕೆ ಸೋಡಾ ಹಾಕಿದರೆ ಬೇಯುತ್ತದೆ, ಆದರೆ ಬಿ1 ಜೀವಸತ್ವ ನಷ್ಟವಾಗುತ್ತದೆ, ಸೋಡಾದ ರುಚಿ ನಾಲಿಗೆಗೆ ತಾಗದೆಯೂ ಇರುವುದಿಲ್ಲ. ನೀರನ್ನು ಮೊದಲೇ ಕುದಿಸಿ ತಣಿಸಿದರೆ ಬಿಳಿ ಪುಡಿ ತಳಕ್ಕಿಳಿದು ಗಡಸುತನ ಸ್ವಲ್ಪ ತಗ್ಗುತ್ತದೆ ನಿಜ. ಹಸಿದು ಬಂದವರು ಏಳು ಗಂಟೆಗೆ ಆ ಕೆಲಸಕ್ಕೆ ಕೂರುವುದುಂಟೇ? ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಬಹುದು, ಕ್ಯಾನಿನ ಲೆಕ್ಕ ತಿಂಗಳ ಕೊನೆಗೆ ತಿಳಿಯುತ್ತದೆ. ಇದರ ಮೇಲೆ ಚಿಕ್ಕ ಕುಕ್ಕರಿನಲ್ಲಿ ಬೇಳೆಯ ನೊರೆ ಸೀಟಿಯಿಂದ ಚಿಮ್ಮಿ ಒಲೆಯ ಸುತ್ತ ಹಳದಿ ಚುಕ್ಕೆಗಳನ್ನು ಎರಚುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬಿ, ಒಂದು ಚಮಚ ಎಣ್ಣೆ ಹಾಕಿದರೆ ಅದು ಹತೋಟಿಗೆ ಬರುತ್ತದೆ. ನೀರಿನ ಹಟಕ್ಕೆ ಅಂಥ ಮದ್ದಿಲ್ಲ.

ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯವೂ ಇದೇ ಕಂಟಕದಿಂದ ಪಾರಾಗಿಲ್ಲ. ಪುಂಡಿಯ ಹುಳಿಯೂ ಬೇಳೆಯನ್ನು ಮೆತ್ತಗಾಗಗೊಡುವುದಿಲ್ಲವಾದ್ದರಿಂದ ಬೇಳೆಯನ್ನು ಮೊದಲು ಬೇಯಿಸಿಕೊಂಡು ಸೊಪ್ಪನ್ನು ಆಮೇಲೆ ಸೇರಿಸಬೇಕು. ಬೇಳೆ ಕೈಬಿಟ್ಟು ಬರೀ ಜೋಳದ ನುಚ್ಚಿನಲ್ಲಿ ಮಾಡಿದರೆ ಆ ತಾಪತ್ರಯ ತಪ್ಪುತ್ತದೆ, ಸೊಪ್ಪು ಬಿಡಿಸುವ ಕೆಲಸ ಮಾತ್ರ ತಪ್ಪುವುದಿಲ್ಲ. ಮರುದಿನಕ್ಕೆ ಇದರ ರುಚಿ ಏರುವುದರಿಂದ ರವಿವಾರ ಮಾಡಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ.

ಖಿಚಡಿ ಸುಲಭ, ಆದರೆ ಅದು ರೊಟ್ಟಿಯ ಜೊತೆಗಾರನಲ್ಲ.

ಜುಣಕಕ್ಕೆ ಬೇಕಾಗುವುದು ಕಡಲೆ ಹಿಟ್ಟು. ಬೇಳೆ ಗಿರಣಿಯಲ್ಲೇ ನುಣ್ಣಗಾಗಿ ಬಂದಿರುವುದರಿಂದ ಒಲೆಯ ಮೇಲೆ ಅದನ್ನು ಕರಗಿಸುವ ಹೊಣೆ ನೀರಿಗಿಲ್ಲ. ನಳವೋ ಬೋರೋ ಎಂದು ಕೇಳಬೇಕಾಗಿಲ್ಲ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಉಳ್ಳಾಗಡ್ಡಿ ಬಾಡಿಸಿ, ಅರಿಶಿಣ, ಉಪ್ಪು ಹಾಕಬೇಕು. ಒಂದು ಬಟ್ಟಲು ಹಿಟ್ಟನ್ನು ಎರಡು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸುರಿದು, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲು ಗುಳ್ಳೆಗಳು ಪಟಪಟನೆ ಒಡೆದು ಕೈಗೆ ಸಿಡಿಯುತ್ತವೆ. ಆಮೇಲೆ ಬಣ್ಣ ಗಾಢವಾಗಿ, ಹಿಟ್ಟಿನ ಹಸಿ ವಾಸನೆ ಅಡಗಿ, ಮುದ್ದೆ ಬಾಣಲೆಯ ಅಂಚು ಬಿಡತೊಡಗುತ್ತದೆ. ಆಗ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟರೆ ತಳದಲ್ಲಿ ತೆಳುವಾದ ಕೆಂಪು ಪದರ ಹಿಡಿಯುತ್ತದೆ. ಅದನ್ನು ಕೆರೆದು ತಿನ್ನುವ ಹಕ್ಕು ನಮ್ಮ ಮನೆಯಲ್ಲಿ ಮಾಡಿದವರಿಗೇ ಮೀಸಲು.

ಆರಿದರೆ ಜುಣಕ ಬಿರುಸಾಗುತ್ತದೆ, ಬೇಳೆಯಂತೆ ಅನ್ನಕ್ಕೆ ಕಲಸಲು ಬರುವುದಿಲ್ಲ, ಎಣ್ಣೆಯನ್ನೂ ತುಸು ಹೆಚ್ಚೇ ಬೇಡುತ್ತದೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಲೆಯಲ್ಲಿ ಹೇರಳವಾಗಿರುವುದರಿಂದ ಪೋಷಣೆಯ ದೃಷ್ಟಿಯಿಂದಲೂ ರೊಟ್ಟಿಗೆ ಇದು ಸರಿಯಾದ ಜೋಡಿ.

ಅನ್ನವೇ ಮುಖ್ಯವಾದ ಮನೆಯವರು, ನಿತ್ಯ ನದಿಯ ನೀರು ಸಿಗುವವರು ಬೇಳೆಯನ್ನೇ ಹಿಡಿಯಲಿ. ರೊಟ್ಟಿ ತಿನ್ನುವ, ಗ್ಯಾಸ್ ಸಿಲಿಂಡರಿನ ದಿನ ಎಣಿಸುವ ನನಗೆ ವಾರದ ದಿನಗಳಲ್ಲಿ ಜುಣಕವೇ ಸಾಕು. ಚಿಕ್ಕ ಕುಕ್ಕರು ಈಗ ನಳ ಬಂದ ದಿನ ಮಾತ್ರ ಒಲೆ ಏರುತ್ತದೆ. ಒಂದೇ ಎಚ್ಚರ: ನಮ್ಮ ಬೇಸಿಗೆಯಲ್ಲಿ ಕಡಲೆ ಹಿಟ್ಟಿಗೆ ಬೇಗ ಹುಳ ಬೀಳುತ್ತದೆ, ಆದ್ದರಿಂದ ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಬೀಸಿಸಬಾರದು.