ಡಿಫೆಂಡರ್‌ಗೆ ರೇಟಿಂಗ್ ಕೊಡುವ ಆ್ಯಪ್: 5ಕ್ಕೆ 3 ಸ್ಟಾರ್

ವಾಸ್ಕೋದ ನಮ್ಮ ಕನ್ನಡ ಹುಡುಗರಿಗೆ ಫುಟ್‌ಬಾಲ್ ಅಂದರೆ ಜೀವ. ಫತೋರ್ಡಾದಲ್ಲಿ ಎಫ್‌ಸಿ ಗೋವಾ ಪಂದ್ಯ ಮುಗಿದು ಗೇಟ್ ದಾಟುವಷ್ಟರಲ್ಲಿ ಎಲ್ಲರೂ ಈ ಸ್ಕೋರ್ ಆ್ಯಪ್ ತೆರೆದಿರುತ್ತಾರೆ. 10ಕ್ಕೆ ಯಾರಿಗೆ ಎಷ್ಟು ಅಂತ ವಾದ ಶುರು.

ಸ್ಟ್ರೈಕರ್ ವಿಷಯದಲ್ಲಿ ನನಗೆ ತಕರಾರಿಲ್ಲ. ಡಿಫೆಂಡರ್ ಕಥೆ ಬೇರೆ. ಆ್ಯಪ್ ಎಣಿಸುವುದು ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು), ಇಂಟರ್‌ಸೆಪ್ಶನ್ (ಪಾಸನ್ನು ನಡುವೆಯೇ ತಡೆಯುವುದು), ಕ್ಲಿಯರೆನ್ಸ್ (ಗೋಲಿನ ಹತ್ತಿರದಿಂದ ಚೆಂಡನ್ನು ದೂರ ಹೊಡೆಯುವುದು). ಸರಿಯಾದ ಜಾಗದಲ್ಲಿ ನಿಂತವನಿಗೆ ಟ್ಯಾಕಲ್ ಮಾಡುವ ಪ್ರಸಂಗವೇ ಕಡಿಮೆ, ಅಲ್ವಾ?

2019ರ ಮಾರ್ಚ್ 31, ಇಂಗ್ಲೆಂಡಿನ ಆನ್‌ಫೀಲ್ಡ್ ಮೈದಾನ. ಲಿವರ್‌ಪೂಲ್, ಟಾಟನ್‌ಹ್ಯಾಮ್ 1-1. ಕೊನೆಯ ನಿಮಿಷಗಳಲ್ಲಿ ಟಾಟನ್‌ಹ್ಯಾಮ್‌ನ ಸಿಸ್ಸೋಕೊ ಚೆಂಡು ಹಿಡಿದು ನುಗ್ಗಿದ, ಜೊತೆಗೆ ಸನ್. ಎದುರಿಗೆ ಲಿವರ್‌ಪೂಲ್ ಡಿಫೆಂಡರ್ ವಾನ್ ಡೈಕ್ ಒಬ್ಬನೇ. ಅವನು ಕಾಲು ಹಾಕಲೇ ಇಲ್ಲ. ಸನ್‌ಗೆ ಪಾಸ್ ಹೋಗುವ ದಾರಿ ಮುಚ್ಚಿಕೊಂಡು ಹಿಂದೆ ಸರಿದ. ಸಿಸ್ಸೋಕೊ ತಾನೇ ಎಡಗಾಲಲ್ಲಿ ಹೊಡೆಯಬೇಕಾಯಿತು. ಚೆಂಡು ಗೋಲಿನ ಮೇಲಿಂದ ಹೋಯಿತು. ಲಿವರ್‌ಪೂಲ್ 2-1 ಗೆದ್ದಿತು. ಎಂಥಾ ಡಿಫೆನ್ಸ್! ಆದರೆ ಅದು ಟ್ಯಾಕಲ್ ಅಲ್ಲ, ಇಂಟರ್‌ಸೆಪ್ಶನ್ನೂ ಅಲ್ಲ.

ವಿಶ್ಲೇಷಕರು ವಿಡಿಯೋ ನೋಡಿ ಕೊಡುವ ಗ್ರೇಡ್ ಮೇಲೆ ನನಗೆ ಜಾಸ್ತಿ ನಂಬಿಕೆ. ಅವರ ಕಣ್ಣಿಗೆ ಇಂಥದ್ದು ಬೀಳುತ್ತದೆ. ಆದರೂ ಕೋಚ್ ಏನು ಹೇಳಿ ಕಳಿಸಿದ್ದ ಅಂತ ಅವರಿಗೂ ಗೊತ್ತಿರುವುದಿಲ್ಲ.

ಆ್ಯಪ್‌ನಲ್ಲಿ ನನಗೆ ಇಷ್ಟವಾದದ್ದು ಹೀಟ್‌ಮ್ಯಾಪ್ (ಆಟಗಾರ ಮೈದಾನದ ಯಾವ ಭಾಗದಲ್ಲಿ ಹೆಚ್ಚು ಆಡಿದ ಅಂತ ಬಣ್ಣದಲ್ಲಿ ತೋರಿಸುವ ಚಿತ್ರ) ಮತ್ತು ಇಡೀ ಸೀಸನ್ನಿನ ಡ್ಯುಯೆಲ್ (ಚೆಂಡಿಗಾಗಿ ಇಬ್ಬರ ನಡುವಿನ ಸೆಣಸಾಟ) ಲೆಕ್ಕ. ಇವೆರಡಕ್ಕಾಗಿ ಖಂಡಿತ ಹಾಕಿಕೊಳ್ಳಿ. ಒಂದೇ ಪಂದ್ಯದ ರೇಟಿಂಗ್ ನೋಡಿ ಸೆಂಟರ್ ಬ್ಯಾಕ್‌ನನ್ನು (ಮಧ್ಯದ ಡಿಫೆಂಡರ್) ಸುಮ್ನೆ ಬೈಬೇಡಿ.