ಸುಕ್ಕು ಬೀಳುವ ಬಟ್ಟೆಯೇ ನನಗಿರಲಿ: ಲಿನನ್, ಲಿನನ್ ಥರದ ಪಾಲಿಯೆಸ್ಟರ್ ಮತ್ತು ಮಖಮಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿನನ್‌ಗೆ. ಆದರೆ ಅಲ್ಲಿಗೆ ಬರುವ ಮುಂಚೆ ಬೇರೆ ಎರಡು ಬಟ್ಟೆಗಳ ಮೇಲೆ ದುಡ್ಡು ಸುರಿದಿದ್ದೆ. ನಾಲ್ಕು ವರ್ಷದಲ್ಲಿ ಮೂರು ಥರದ ಬಟ್ಟೆಯನ್ನು ಕಿಟಕಿಗೂ ಹಾಕಿದೆ, ಮೈಗೂ ಹಾಕಿದೆ. ಪರದೆ ಮತ್ತು ಅಂಗಿ ಎರಡನ್ನೂ ಒಂದೇ ಬಟ್ಟೆಯಲ್ಲಿ ಹೊಲಿಸಿ ನೋಡಿ, ಅದರ ಗುಣ ಪೂರ್ತಿ ಗೊತ್ತಾಗುತ್ತದೆ. ಕಿಟಕಿಯಲ್ಲಿ ಬಿಸಿಲು ಅದನ್ನು ಪರೀಕ್ಷೆ ಮಾಡುತ್ತದೆ, ಮೈಮೇಲೆ ಬೆವರು ಪರೀಕ್ಷೆ ಮಾಡುತ್ತದೆ.

ಶುರುವಾಗಿದ್ದು ಪಾಲಿಯೆಸ್ಟರಿನಿಂದ. ನಾನು ದಿನಾ ಕೂತು ಕೆಲಸ ಮಾಡುವ ಮೇಜು ಪಶ್ಚಿಮದ ಕಿಟಕಿಯ ಪಕ್ಕದಲ್ಲಿದೆ. ಅದಕ್ಕೆ ಪರದೆ ಬೇಕಿತ್ತು. ಅಂಗಡಿಯಲ್ಲಿ ತೋರಿಸಿದ ಬಟ್ಟೆ ನೋಡಲು ಥೇಟ್ ಲಿನನ್. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳ್ಳಗಿನ ಎಳೆ. ಬಣ್ಣವೂ ಒಣಹುಲ್ಲಿನ ಥರ ಚೆನ್ನಾಗಿತ್ತು. ‘ಸುಕ್ಕೇ ಬೀಳಲ್ಲ, ಒಗೆದು ಹಾಗೇ ನೇತುಹಾಕಿ’ ಅಂದರು. ಬೆಲೆಯೂ ಕಡಿಮೆ. ಎರಡನೇ ಮಾತಾಡದೆ ತಂದೆ.

ಸಂಜೆ ಐದರ ಬಿಸಿಲು ಅದರ ಮೇಲೆ ಬಿದ್ದಾಗ ಗುಟ್ಟು ಬಯಲಾಯಿತು. ಎಳೆ ಎಳೆಯೂ ಮೀನಿನ ಹೊಟ್ಟೆಯ ಹಾಗೆ ಮಿರುಗುತ್ತಿತ್ತು. ಇನ್ನೂ ಹತ್ತಿರ ಹೋಗಿ ನೋಡಿದರೆ, ಆ ದಪ್ಪ ಎಳೆಗಳು ಒಂದು ಗೇಣಿಗೊಮ್ಮೆ ಅದೇ ಜಾಗ, ಅದೇ ಉದ್ದದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಸೊಟ್ಟತನವನ್ನೂ ಮೆಷಿನ್ನು ಅಳತೆ ಹಾಕಿ ಮಾಡಿತ್ತು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದು ಮರೆಯುವುದೇ ಇಲ್ಲ. ಕೆಲಸದ ಮಧ್ಯೆ ತಲೆ ಎತ್ತಿದರೆ ಸಾಕು, ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು.

ಎರಡು ವಾರದಲ್ಲಿ ಕೆಳಗಿನ ಅಂಚಿಗೆ ಕೂದಲು, ಧೂಳು ಎಲ್ಲ ಅಂಟಿಕೊಂಡವು. ಕೊಡವಿದರೂ ಹೋಗಲ್ಲ. ಪಾಲಿಯೆಸ್ಟರ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಸಾಧಾರಣ ಹವೆಯಲ್ಲಿ ಅದು ಹಿಡಿದಿಟ್ಟುಕೊಳ್ಳುವ ತೇವ ತನ್ನ ತೂಕದ ಸುಮಾರು 0.4 ಶೇಕಡ ಮಾತ್ರ. ಲಿನನ್ ಸುಮಾರು 12 ಶೇಕಡ ಹಿಡಿದಿಡುತ್ತದೆ. ತೇವ ಇಲ್ಲದ ಎಳೆಯಲ್ಲಿ ಉಜ್ಜಾಟದಿಂದ ಹುಟ್ಟಿದ ವಿದ್ಯುತ್ತು ಹರಿದು ಹೋಗದೆ ಅಲ್ಲೇ ನಿಲ್ಲುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ. ಅಂಗಿಯಲ್ಲೂ ಇದೇ ಕಥೆ. ಬೆವರು ಬಟ್ಟೆಗೆ ಹೋಗದೆ ಬೆನ್ನ ಮೇಲೇ ಉಳಿಯುತ್ತದೆ.

ಅದೇ ಬಟ್ಟೆಯ ಶರ್ಟಿಗೆ ಒಮ್ಮೆ ಇಸ್ತ್ರಿಪೆಟ್ಟಿಗೆ ಜಾಸ್ತಿ ಬಿಸಿ ಇಟ್ಟೆ. ಕಾಲರಿನ ಕೆಳಗೆ ಕನ್ನಡಿ ಥರ ಹೊಳೆಯುವ ಕಲೆ ಆಯಿತು, ಇವತ್ತಿಗೂ ಹೋಗಿಲ್ಲ. ಲೇಬಲ್ಲಿನಲ್ಲಿ ಇಸ್ತ್ರಿಯ ಗುರುತಿನ ಒಳಗೆ ಎಷ್ಟು ಚುಕ್ಕೆ ಇದೆ ನೋಡಿ, ಚುಕ್ಕೆ ಹೆಚ್ಚಿದ್ದಷ್ಟೂ ಹೆಚ್ಚು ಬಿಸಿ ಇಡಬಹುದು. ಪಾಲಿಯೆಸ್ಟರಿಗೆ ಸಾಮಾನ್ಯವಾಗಿ ಎರಡು, ಲಿನನ್‌ಗೆ ಮೂರು.

ಈಗ ಲಿನನ್. ಇದು ಅಗಸೆ ಗಿಡದ ಕಾಂಡದ ನಾರು. ಪಾಲಿಯೆಸ್ಟರ್ ತೆಗೆದು ಅದೇ ಕಿಟಕಿಗೆ ಇದನ್ನು ಹಾಕಿದ ದಿನ ಸಂಜೆ ಕೆಲಸವೇ ಆಗಲಿಲ್ಲ. ಬೆಳಕು ಬಟ್ಟೆಯ ಮೇಲೆ ಮಿರುಗುವುದಿಲ್ಲ, ಒಳಗೆ ಇಳಿಯುತ್ತದೆ. ದಪ್ಪ ಎಳೆ ಕಂದು ಗೆರೆಯಾಗಿ, ತೆಳು ಎಳೆ ಜೇನಿನ ಬಣ್ಣವಾಗಿ ಕಾಣುತ್ತದೆ. ಒಂದು ಗೆರೆಯ ಹಾಗೆ ಇನ್ನೊಂದಿಲ್ಲ. ಗಂಟೆಗಟ್ಟಲೆ ನೋಡಿದರೂ ಕಣ್ಣಿಗೆ ಬೇಜಾರಾಗುವುದಿಲ್ಲ.

ಸುಕ್ಕು ಬೀಳುತ್ತದೆ, ಹೌದು. ಚೆನ್ನಾಗಿಯೇ ಬೀಳುತ್ತದೆ. ಲಿನನ್ ನಾರು ಗಟ್ಟಿ, ಆದರೆ ಹಿಗ್ಗುವ ಗುಣ ತೀರಾ ಕಡಿಮೆ. ಮಡಚಿದರೆ ಮಡಚಿದ ಹಾಗೇ ಕೂರುತ್ತದೆ, ಚಿಮ್ಮಿ ಹಿಂದಕ್ಕೆ ಬರುವುದಿಲ್ಲ. ಇದನ್ನೇ ಎಲ್ಲರೂ ದೋಷ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದಕ್ಕೆ ಒಂದು ಕಾರಣ ಇದೆ.

ಈಜಿಪ್ಟಿನ ತರ್ಖಾನ್ ಎಂಬ ಜಾಗದಲ್ಲಿ 1913ರಲ್ಲಿ ಅಗೆದಾಗ ಒಂದು ರಾಶಿ ಕೊಳಕು ಬಟ್ಟೆ ಸಿಕ್ಕಿತ್ತು. 1977ರಲ್ಲಿ ಅದನ್ನು ಬಿಡಿಸಿ ಶುಚಿ ಮಾಡುವಾಗ ಒಳಗೊಂದು ಲಿನನ್ ಅಂಗಿ ಇರುವುದು ಗೊತ್ತಾಯಿತು. ಈಗ ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿದೆ. 5,000 ವರ್ಷಕ್ಕೂ ಹಳೆಯದು ಎಂದು ರೇಡಿಯೊ ಕಾರ್ಬನ್ ಪರೀಕ್ಷೆ ಹೇಳಿತು. ಇಷ್ಟು ಹಳೆಯ ನೇಯ್ದ ಉಡುಪು ಬೇರೆ ಸಿಕ್ಕಿಲ್ಲ. ಅದರ ತೋಳಿಗೆ, ಎದೆ ಭಾಗಕ್ಕೆ ಒತ್ತೊತ್ತಾಗಿ ಸಣ್ಣ ನೆರಿಗೆ ಹಿಡಿದಿದ್ದಾರೆ. ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು: ಮೊಣಕೈ ಹತ್ತಿರ, ಕಂಕುಳ ಹತ್ತಿರ ಸುಕ್ಕಿದೆ. ಅದನ್ನು ಯಾರೋ ತೊಟ್ಟು ಓಡಾಡಿದ್ದರು ಎಂದು ತಜ್ಞರಿಗೆ ಗೊತ್ತಾಗಿದ್ದು ಆ ಸುಕ್ಕಿನಿಂದ. ನನ್ನ ಶರ್ಟಿನ ಮೊಣಕೈಯಲ್ಲೂ ಸಂಜೆಯ ಹೊತ್ತಿಗೆ ಅದೇ ಜಾಗದಲ್ಲಿ, ಅದೇ ಥರ ಮೂರು ಗೆರೆ ಬಿದ್ದಿರುತ್ತವೆ. ಇದನ್ನು ಓದಿದ ಮೇಲೆ ಆ ಗೆರೆಗಳನ್ನು ಉಜ್ಜಿ ಅಳಿಸಬೇಕು ಅನಿಸಿಲ್ಲ.

ಇಷ್ಟು ಹೊಗಳಿದ ಮೇಲೆ ಲಿನನ್ ಕೊಟ್ಟ ಕಾಟವನ್ನೂ ಹೇಳಬೇಕು. ಸುಕ್ಕಿನ ಬಗ್ಗೆ ಎಲ್ಲರೂ ಎಚ್ಚರಿಸಿದ್ದರು. ಉದ್ದದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಪರದೆಯ ಉದ್ದ 240 ಸೆಂ.ಮೀ. ನೆಲಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ಅಳತೆ ಕೊಟ್ಟು ಹೊಲಿಸಿದ್ದೆ. ಆರು ತಿಂಗಳು ಬಿಟ್ಟು ಮೊದಲ ಸಲ ಒಗೆದೆ. ಬಿಸಿನೀರಲ್ಲ, ತಣ್ಣೀರೇ. ಒಣಗಿದ ಮೇಲೆ ನೇತುಹಾಕಿದರೆ ನೆಲಕ್ಕೂ ಪರದೆಗೂ ಮಧ್ಯೆ ಒಂದು ಅಂಗೈ ತೂರುವಷ್ಟು ಜಾಗ! ಅಳೆದೆ, 228. ಕಂಬಿ ಸರಿದಿದೆಯೇನೋ ಅಂತ ಅದನ್ನೂ ನೋಡಿದೆ. ಕಂಬಿ ಇದ್ದಲ್ಲೇ ಇತ್ತು. ಗೋಡೆಯ ಕೆಳಭಾಗ ಬೋಳುಬೋಳಾಗಿ ಕಂಡು, ಇಡೀ ಕೋಣೆಯ ಲಕ್ಷಣವೇ ಕೆಟ್ಟಿತು. ಬೆಳೆದ ಹುಡುಗ ಹಳೆಯ ಪ್ಯಾಂಟು ಹಾಕಿಕೊಂಡ ಹಾಗೆ.

ಕಾರಣ ಆಮೇಲೆ ತಿಳಿಯಿತು. ನೇಯುವಾಗ ಎಳೆಗಳನ್ನು ಬಿಗಿಯಾಗಿ ಎಳೆದಿರುತ್ತಾರೆ. ಮೊದಲ ಸಲ ನೀರು ಕುಡಿದಾಗ ಆ ಬಿಗಿ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ನನ್ನದು 5 ಶೇಕಡ ಕುಗ್ಗಿತ್ತು. ಶರ್ಟಿನಲ್ಲಿ 5 ಶೇಕಡ ಅಂದರೆ ತೋಳು ಸ್ವಲ್ಪ ಮೋಟು, ಮಡಚಿಕೊಂಡರೆ ಮುಗಿಯಿತು. 240 ಸೆಂ.ಮೀ. ಪರದೆಯಲ್ಲಿ ಅದೇ 5 ಶೇಕಡ 12 ಸೆಂಟಿಮೀಟರ್.

ಕೆಳಗಿನ ಅಂಚನ್ನು ಬಿಚ್ಚಿದೆ. ಎರಡು ಮಡಿಕೆ ಹಾಕಿದ್ದರಿಂದ 8 ಸೆಂ.ಮೀ. ವಾಪಸ್ ಸಿಕ್ಕಿತು. ಇನ್ನೂ 4 ಕಡಿಮೆ. ಅಷ್ಟೇ ಅಲ್ಲ, ಮಡಿಕೆಯೊಳಗೆ ಬಿಸಿಲು ಕಾಣದೆ ಇದ್ದ ಬಟ್ಟೆ ಹೊಸ ಬಣ್ಣದಲ್ಲೇ ಇತ್ತು. ಹೊಲಿಗೆ ಇದ್ದ ಕಡೆ ಸೂಜಿ ತೂತಿನ ಒಂದು ಸಾಲು, ಅದರ ಕೆಳಗೆ ಒಂದು ಗಾಢ ಪಟ್ಟಿ. ಎಷ್ಟು ಇಸ್ತ್ರಿ ಮಾಡಿದರೂ ಗೆರೆ ಹೋಗಲಿಲ್ಲ.

ಕೊನೆಗೆ ಹಠ ಬಿಟ್ಟೆ. ಗೆರೆಯನ್ನು ಮುಚ್ಚುವ ಬದಲು ಅಲ್ಲಿಂದಲೇ ಶುರು ಮಾಡಿ, ಒಂದು ಗೇಣು ಅಗಲದ ಕಡು ಕಂದು ಲಿನನ್ ಪಟ್ಟಿ ಜೋಡಿಸಿದೆ. ಈ ಸಲ ಪಟ್ಟಿಯನ್ನು ಮೂರು ಸಲ ನೆನೆಸಿ ಒಣಗಿಸಿದ ಮೇಲೆಯೇ ಹೊಲಿದಿದ್ದು. ಕೆಳಗೆ ಭಾರ ಬಂದಿದ್ದರಿಂದ ಪರದೆ ಈಗ ಮೊದಲಿಗಿಂತ ನೆಟ್ಟಗೆ ಇಳಿಯುತ್ತದೆ. ಕೋಣೆಯ ನೆಲದ ಮರದ ಬಣ್ಣಕ್ಕೂ ಪಟ್ಟಿಗೂ ಹೊಂದಾಣಿಕೆ ಆಗಿದೆ. ಮನೆಗೆ ಬಂದವರು ಮೊದಲು ಕೇಳುವುದೇ ಆ ಪಟ್ಟಿಯ ಬಗ್ಗೆ. ಹೊಸ ಪರದೆಯನ್ನು ಹೊಗಳಿದವರಿಗಿಂತ ಈ ತೇಪೆ ಹಾಕಿದ್ದನ್ನು ಹೊಗಳಿದವರೇ ಜಾಸ್ತಿ.

ಅಲ್ಲಿಗೂ ಮುಗಿಯಲಿಲ್ಲ. ತೇವ ಜಾಸ್ತಿ ಇರುವ ದಿನ ಮತ್ತು ಒಣ ಹವೆಯ ದಿನ ಪರದೆಯ ಉದ್ದ ಒಂದೇ ಇರುವುದಿಲ್ಲ. ಸುಮಾರು ಒಂದು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಆದ್ದರಿಂದ ನೆಲಕ್ಕೆ ಕೂದಲೆಳೆ ಅಂತರದಲ್ಲಿ ನಿಲ್ಲಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಒಂದೋ ಎರಡು ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಇಲ್ಲವೇ ಸ್ವಲ್ಪ ಉದ್ದವೇ ಬಿಟ್ಟು ನೆಲದ ಮೇಲೆ ಮಲಗಲು ಬಿಡಿ. ಬಟ್ಟೆ ತಂದ ಕೂಡಲೇ ಒಗೆಯಿರಿ. ಆಮೇಲೆ ಮೇಲ್ಭಾಗ ಮಾತ್ರ ಹೊಲಿದು, ಎರಡು ವಾರ ನೇತುಹಾಕಿ, ತನ್ನ ಭಾರಕ್ಕೆ ಇಳಿಯುವಷ್ಟು ಇಳಿದ ಮೇಲೆ ಕೆಳಗಿನ ಅಂಚು ಹೊಲಿಯಿರಿ. ಅಂಚನ್ನು ದೊಡ್ಡದಾಗಿಯೇ ಮಡಚಿ.

ಲಿನನ್ ಬಗ್ಗೆ ಇನ್ನೆರಡು ಮಾತು. ಇಸ್ತ್ರಿ ಮಾಡುವುದಾದರೆ ಇನ್ನೂ ಹಸಿ ಇರುವಾಗಲೇ ಮಾಡಿ, ಪೂರ್ತಿ ಒಣಗಿದ ಮೇಲೆ ಅದು ಮಾತು ಕೇಳುವುದಿಲ್ಲ. ಮಡಚಿಡುವಾಗ ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಚಬೇಡಿ, ನಾರು ಅಲ್ಲೇ ಮುರಿದು ಹರಿಯುತ್ತದೆ.

ಮಖಮಲ್ ತಂದಿದ್ದು ಮಲಗುವ ಕೋಣೆಗೆ. ಕಡು ಹಸಿರು. ಚೆಂದದ ಬಗ್ಗೆ ಎರಡು ಮಾತಿಲ್ಲ. ಅಷ್ಟು ಆಳವಾದ ಬಣ್ಣ ಲಿನನ್‌ನಲ್ಲಿ ಬರುವುದಿಲ್ಲ. ಆದರೆ ನೇತುಹಾಕಿದಾಗ ಎಡದ ಪರದೆ ಒಂದು ಬಣ್ಣ, ಬಲದ್ದು ಇನ್ನೊಂದು ಬಣ್ಣ. ಒಂದೇ ಥಾನಿನಲ್ಲಿ ಕತ್ತರಿಸಿದ್ದು, ಹಾಗಿದ್ದೂ ಒಂದು ಕಪ್ಪಗೆ, ಒಂದು ತಿಳಿ. ಕೈಯಾಡಿಸಿ ನೋಡಿದೆ. ಎಡದ ಪರದೆಯನ್ನು ಮೇಲಿನಿಂದ ಕೆಳಗೆ ಸವರಿದರೆ ನುಣುಪು, ಬಲದ್ದನ್ನು ಹಾಗೇ ಸವರಿದರೆ ಬೆಕ್ಕಿನ ಮೈಯನ್ನು ಉಲ್ಟಾ ಸವರಿದ ಹಾಗೆ. ಮಖಮಲ್ಲಿನ ನವಿರು, ಅಂದರೆ ಮೇಲೆ ಎದ್ದು ನಿಂತ ಸಣ್ಣ ಎಳೆಗಳು, ಒಂದೇ ದಿಕ್ಕಿಗೆ ಬಾಗಿರುತ್ತದೆ. ಹೊಲಿದವರು ಒಂದನ್ನು ತಲೆಕೆಳಗಾಗಿ ಕತ್ತರಿಸಿದ್ದರು. ಕೊಡುವ ಮುಂಚೆ ಬಟ್ಟೆಯ ಹಿಂಭಾಗದಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಮಖಮಲ್ ಜಾಕೆಟ್ಟು ಕೂಡ ಇದೆ. ವರ್ಷಕ್ಕೆ ಎರಡು ಸಲ ಹಾಕುತ್ತೇನೆ. ಬ್ಯಾಗಿನ ಪಟ್ಟಿ ತಾಗಿದ ಕಡೆ ನವಿರು ಮಲಗಿಬಿಟ್ಟಿದೆ.

ಪಾಲಿಯೆಸ್ಟರಿಗೆ ಅನ್ಯಾಯ ಮಾಡಬಾರದು. ಅದು ಲಿನನ್ ವೇಷ ಹಾಕಿದಾಗ ಸೋಲುತ್ತದೆ. ತನ್ನ ಗುಣದಲ್ಲೇ ನಿಂತಾಗ ಎಷ್ಟು ಚೆನ್ನಾಗಿರಬಹುದು ಅನ್ನುವುದಕ್ಕೆ ಜಪಾನಿನ ಉಡುಪು ವಿನ್ಯಾಸಕ ಇಸ್ಸೇ ಮಿಯಾಕೆ 1993ರಲ್ಲಿ ತಂದ ‘ಪ್ಲೀಟ್ಸ್ ಪ್ಲೀಸ್’ ಉಡುಪುಗಳೇ ಸಾಕ್ಷಿ. ಅಳತೆಗಿಂತ ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಹೊಲಿದು, ಆಮೇಲೆ ಕಾಗದದ ಮಧ್ಯೆ ಇಟ್ಟು ಬಿಸಿಯಲ್ಲಿ ಒತ್ತುತ್ತಾರೆ. ಬಿಸಿಗೆ ಆಕಾರ ಹಿಡಿಯುವುದು ಪಾಲಿಯೆಸ್ಟರಿನ ಹುಟ್ಟುಗುಣ, ಹಾಗಾಗಿ ನೆರಿಗೆ ಒಗೆದರೂ ಹೋಗುವುದಿಲ್ಲ. ನನ್ನ ಶರ್ಟನ್ನು ಹಾಳು ಮಾಡಿದ್ದೂ ಬಿಸಿಯೇ ಅಲ್ವಾ?

ಅದಕ್ಕಿಂತ ಮುಂಚೆ, 1907ರ ಸುಮಾರಿಗೆ, ಇಟಲಿಯ ವೆನಿಸ್‌ನಲ್ಲಿ ಮರಿಯಾನೊ ಫೋರ್ಚುನಿ ಎಂಬ ವಿನ್ಯಾಸಕರು ರೇಷ್ಮೆಯಲ್ಲಿ ಇಂಥದ್ದೇ ನೆರಿಗೆಯ ಉದ್ದ ಗೌನು ಮಾಡಿದ್ದರು, ಹೆಸರು ಡೆಲ್ಫೋಸ್. ಅದನ್ನು ಮಡಚಿಡುವ ಹಾಗಿರಲಿಲ್ಲ. ನೂಲಿನ ಲಡಿಯ ಹಾಗೆ ತಿರುಚಿ ಸಣ್ಣ ಡಬ್ಬಿಯಲ್ಲಿ ಸುತ್ತಿಡಬೇಕಿತ್ತು. ನೀರು ತಾಗಿ ನೆರಿಗೆ ಬಿಟ್ಟುಕೊಂಡರೆ ಮತ್ತೆ ಅವರಿಗೇ ವಾಪಸ್ ಕಳಿಸಬೇಕು. ಹಗುರ ಬಟ್ಟೆ ನೆಟ್ಟಗೆ ಇಳಿಯಲಿ ಎಂದು ಬದಿಯ ಹೊಲಿಗೆಗೆ ಗಾಜಿನ ಮಣಿ ಪೋಣಿಸುತ್ತಿದ್ದರು. ನನ್ನ ಪರದೆಗೆ ಕಂದು ಪಟ್ಟಿ ಮಾಡುವ ಕೆಲಸವೂ ಅದೇ. ಅವರು ಉಡುಪಿನ ಜೊತೆಗೆ ಗೋಡೆಗೆ, ಕುರ್ಚಿಗೆ ಹಾಕುವ ಬಟ್ಟೆ, ದೀಪ ಎಲ್ಲವನ್ನೂ ಮಾಡಿದವರು. ಮೈಮೇಲಿನ ಬಟ್ಟೆ ಬೇರೆ, ಮನೆಯ ಬಟ್ಟೆ ಬೇರೆ ಅನ್ನುವ ಗೋಡೆ ಅವರಿಗೆ ಇರಲೇ ಇಲ್ಲ. ಅವರ ಗೌನುಗಳನ್ನು ಇವತ್ತು ನೋಡಿದರೂ ಯಾವ ಕಾಲದ್ದು ಅಂತ ಥಟ್ಟನೆ ಹೇಳಲಾಗುವುದಿಲ್ಲ.

ದುಡ್ಡಿನ ಲೆಕ್ಕ: ಲಿನನ್ ದುಬಾರಿ. ಒಂದೇ ಸಲ ಮನೆಯ ಎಲ್ಲ ಕಿಟಕಿಗೂ ತರುವ ಶಕ್ತಿ ನನಗಿಲ್ಲ. ವರ್ಷಕ್ಕೆ ಒಂದು ಕಿಟಕಿ, ಒಂದು ಶರ್ಟು ಅಂತ ಇಟ್ಟುಕೊಂಡಿದ್ದೇನೆ. ಅಗ್ಗವೆಂದು ತಂದ ಪಾಲಿಯೆಸ್ಟರ್ ಮತ್ತು ಹೊಲಿಗೆ ಕೆಟ್ಟ ಮಖಮಲ್ ಎರಡೂ ಸೇರಿದರೆ ಆ ಲಿನನ್‌ಗಿಂತ ಜಾಸ್ತಿ ಖರ್ಚಾಗಿತ್ತು.

ನನ್ನ ಅಭ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ದಿನಾ ಇಸ್ತ್ರಿ ಮಾಡುವುದಿಲ್ಲ. ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸುತ್ತೇನೆ. ಹಗಲೆಲ್ಲ ಕಿಟಕಿ ಪಕ್ಕ ಕೂರುತ್ತೇನೆ, ಆದ್ದರಿಂದ ಬಟ್ಟೆಯ ಮೇಲೆ ಬೀಳುವ ಬೆಳಕು ನನಗೆ ಮುಖ್ಯ. ಗರಿಗರಿ ಇಸ್ತ್ರಿಯ ಶರ್ಟೇ ಬೇಕಾದ ಕೆಲಸದಲ್ಲಿ ಇರುವವರಿಗೆ ಲಿನನ್ ದಿನಾ ಜಗಳ ತರುತ್ತದೆ. ಅಂಥವರು ಹತ್ತಿ ಬೆರೆಸಿದ ಲಿನನ್ ನೋಡಬಹುದು, ಸುಕ್ಕು ಸ್ವಲ್ಪ ಕಡಿಮೆ. ರಾತ್ರಿ ಪಾಳಿ ಮಾಡಿ ಹಗಲು ಮಲಗುವವರಿಗೆ ಕತ್ತಲೆ ಬೇಕು, ಅವರಿಗೆ ಮಖಮಲ್ಲೇ ಸರಿ. ಬಾಣದ ಗುರುತು ಮರೆಯಬೇಡಿ.

ಹಳೆಯ ಪಾಲಿಯೆಸ್ಟರ್ ಪರದೆ ಈಗ ಬಚ್ಚಲಮನೆಯ ಕಿಟಕಿಯಲ್ಲಿದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೆನೆದರೂ ಬೇಗ ಒಣಗುತ್ತದೆ, ಅದಕ್ಕೆ ಅದೇ ಸರಿಯಾದ ಜಾಗ. ಈ ವರ್ಷದ ಲಿನನ್ ಮಲಗುವ ಕೋಣೆಗೆ ಬಂದಿದೆ. ಎರಡು ಸಲ ಒಗೆದಾಗಿದೆ. ಮೇಲ್ಭಾಗ ಮಾತ್ರ ಹೊಲಿದು ಕಂಬಿಗೆ ಹಾಕಿದ್ದೇನೆ, ಕೆಳಗೆ ಕತ್ತರಿಸಿದ ಅಂಚಿನಿಂದ ಎಳೆಗಳು ಜೋತಾಡುತ್ತಿವೆ. ಇನ್ನು ಒಂಬತ್ತು ದಿನ ಹಾಗೇ ಇರಲಿ. ಆಮೇಲೆ ಅಳತೆ ಟೇಪು ಹಿಡಿಯುತ್ತೇನೆ.