ಸಾಗರಕ್ಕೆ ಬಂದ ಹೊಸ ಎಲೆಕ್ಟ್ರಿಕ್ ಗಿಟಾರ್: ಮೂರು ತಿಂಗಳ ಅನುಭವ

ಏಪ್ರಿಲ್ ಎರಡನೇ ವಾರ ಬೆಂಗಳೂರಿನ ಒಂದು ಅಂಗಡಿಯಲ್ಲಿ ಈ ಗಿಟಾರ್ ಕೊಂಡೆ. ಬೆಲೆ ₹24,500. ಚೀಲ, ಕೇಬಲ್‌ಗೆ ಬೇರೆ ದುಡ್ಡು. ಅದೇ ರಾತ್ರಿ ತಾಳಗುಪ್ಪದ ರೈಲು ಹತ್ತಿದೆ. ನಮ್ಮೂರು ಸಾಗರ ಬರುವವರೆಗೂ ಚೀಲದ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದೆ. ಹದಿನಾರು ವರ್ಷ ಒಂದೇ ಗಿಟಾರ್ ನುಡಿಸಿದವನಿಗೆ ಹೊಸದು ಬಂದರೆ ಹಾಗೇ ಅಲ್ವಾ?

ನಾನು ವಾರವೆಲ್ಲ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ, ಭಾನುವಾರ ನಮ್ಮ ಸುಗಮ ಸಂಗೀತದ ತಂಡದ ಜೊತೆ ಹೋಗುತ್ತೇನೆ. ಮದುವೆ ಆರತಕ್ಷತೆ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಸರಿ. ಈ ಗಿಟಾರ್ ಇಲ್ಲಿಯವರೆಗೆ ಏಳು ಕಾರ್ಯಕ್ರಮ ನೋಡಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಗೆ, ಇದೇ ಆಕಾರದಲ್ಲಿ ಹತ್ತಾರು ಗಿಟಾರ್ ಸಿಗುತ್ತವೆ. ನಾನು ಹೇಳುವುದರಲ್ಲಿ ಹೆಚ್ಚಿನದು ಅವೆಲ್ಲಕ್ಕೂ ಹೊಂದುತ್ತದೆ.

ಆಕಾರ ನಿಮಗೆ ಗೊತ್ತಿರುವುದೇ. 1954ರಲ್ಲಿ ಅಮೆರಿಕದಲ್ಲಿ ಬಂದ ಸ್ಟ್ರಾಟೋಕಾಸ್ಟರ್‌ನ ಆಕಾರ. ಎರಡು ಕೊಂಬು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಒಂದು ವಾಲ್ಯೂಮ್, ಧ್ವನಿಯ ಹೊಳಪು ಏರಿಸಿ ಇಳಿಸುವ ಎರಡು ಟೋನ್. ಅದನ್ನು ಮಾಡಿದ ಲಿಯೋ ಫೆಂಡರ್ ಮೊದಲು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಕೆಟ್ಟರೆ ಬಿಚ್ಚಿ ಸರಿಮಾಡುವಂತಿರಬೇಕು ಅನ್ನುವುದು ಅವರ ಕೆಲಸದಲ್ಲಿ ಕಾಣುತ್ತದೆ. ನೆಕ್, ಅಂದರೆ ತಂತಿ ಒತ್ತುವ ಕೈ ಹಿಡಿಯುವ ಉದ್ದ ಕತ್ತು, ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಪಿಕಪ್, ಸ್ವಿಚ್, ವಾಲ್ಯೂಮ್ ಮತ್ತು ಟೋನ್ ತಿರುಗಿಸುವ ಪಾಟ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಹಲಗೆಯ ಹಿಂದೆ ಕೂತಿವೆ. ಹನ್ನೊಂದು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕಣ್ಣ ಮುಂದೆ. ನಮ್ಮ ಬೀದಿಯಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದ ಒಬ್ಬರು ಅಣ್ಣ ಇದ್ದಾರೆ. ಅವರು ಇದನ್ನು ನೋಡಿದ ಕೂಡಲೇ, "ಇದು ನಮ್ಮ ಕಸುಬಿನವರೇ ಮಾಡಿದ್ದು ಮಾರಾಯ" ಅಂದರು. ನಾನು ಲಿಯೋ ಫೆಂಡರ್ ವಿಷಯ ಹೇಳಿದ್ದು ಆಮೇಲೆ.

ಕೈಗೆ ತಗೊಂಡಾಗ ಮೊದಲು ಇಷ್ಟವಾಗಿದ್ದು ನೆಕ್. ಮೇಪಲ್ ಮರ, ಹಿಂಭಾಗಕ್ಕೆ ಹೊಳಪಿಲ್ಲದ ತೆಳು ಬಣ್ಣ. ಬೆವರಿದ ಕೈಯೂ ಅಂಟುವುದಿಲ್ಲ. ಬೆರಳು ಓಡುವ ಹಲಗೆಯ ಮರ ಯಾವುದು ಅಂತ ಕೇಳಿದೆ. ಅಂಗಡಿಯ ಹುಡುಗ ಚೀಟಿ ನೋಡಿ "ಇಂಡಿಯನ್ ಲಾರೆಲ್" ಅಂದ. ಮನೆಗೆ ಬಂದು ಹುಡುಕಿದರೆ ಅದು ನಮ್ಮ ಮತ್ತಿ ಮರ! ಮೊಸಳೆ ಚರ್ಮದ ಹಾಗೆ ಸೀಳಿದ ತೊಗಟೆಯ ಮತ್ತಿ. ಅಜ್ಜನ ಮನೆಯ ಹಿಂದಿನ ಕಾಡಲ್ಲಿ ಆ ಮರದ ಕೆಳಗೆ ಆಡಿ ಬೆಳೆದವನು ನಾನು. ಹಿಂದೆ ಇಂಥ ಗಿಟಾರ್‌ಗಳಿಗೆ ಬೀಟೆ ಹಾಕುತ್ತಿದ್ದರು. 2017ರ ಜನವರಿಯಲ್ಲಿ ಬೀಟೆಯ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂತು. ಆಗ ಎಷ್ಟೋ ಕಂಪನಿಗಳು ಬೇರೆ ಮರ ಹುಡುಕಿದವು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮತ್ತಿ ಗಿಟಾರ್ ಮೇಲೆ ಬಂದು ಕೂತಾಗಿತ್ತು. ನೋಡಲು ಬೀಟೆಯಷ್ಟು ಕಪ್ಪಲ್ಲ, ಸ್ವಲ್ಪ ಒರಟು ಎಳೆ. ನುಡಿಸುವಾಗ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಊರಿನ ಮರ ಬೆರಳ ಕೆಳಗೆ ಇದೆ ಅನ್ನುವ ಖುಷಿ ಮಾತ್ರ ಪ್ರತಿ ಸಲವೂ ಆಗುತ್ತದೆ.

ಇನ್ನು ಬೇಸರದ ವಿಷಯ. "ಸೆಟಪ್ ಮಾಡಿಯೇ ಕೊಡುತ್ತೇವೆ" ಅಂದಿದ್ದರು. ಗಿಟಾರನ್ನು ನುಡಿಸುವ ಹದಕ್ಕೆ ತರುವ ಆ ಕೆಲಸ ಮಾಡಿರಲಿಲ್ಲ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ; ಹನ್ನೆರಡನೇ ಫ್ರೆಟ್‌ನಿಂದ ದಪ್ಪ ತಂತಿ 2.4 ಮಿಲಿಮೀಟರ್ ಎತ್ತರದಲ್ಲಿತ್ತು. ತಂತಿಗಳು ಬುಡದಲ್ಲಿ ಕೂರುವ ಬ್ರಿಡ್ಜ್ ಮುಂದಕ್ಕೆ ಬಾಗಿ ನಿಂತಿತ್ತು. ಫ್ರೆಟ್‌ಗಳ ತುದಿ ಕೈಗೆ ಗೀರುತ್ತಿತ್ತು. ನೀವು ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ, ಸಂಕೋಚ ಬೇಡ. ನಾನು ಇಷ್ಟಪಟ್ಟ ಗಡಿಬಿಡಿಯಲ್ಲಿ ನೋಡಲಿಲ್ಲ.

ಫ್ರೆಟ್ ತುದಿಯ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಮಾತು. ಕೂಡಲೇ ಅರ ಹಿಡಿದು ಉಜ್ಜಲು ಹೋಗಬೇಡಿ. ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಅದಕ್ಕೇ ತುದಿ ಹೊರಗೆ ಇಣುಕುತ್ತದೆ. ಏಪ್ರಿಲ್‌ನಲ್ಲಿ ಗೀರುತ್ತಿದ್ದ ತುದಿಗಳು ಜೂನ್ ಮಳೆ ಹಿಡಿದ ಮೇಲೆ ಕೈಗೆ ಸಿಗಲೇ ಇಲ್ಲ. ಬೇಸಿಗೆಯಲ್ಲಿ ಮತ್ತೆ ಬಂದರೆ ಆಗ ತೆಗೆಸುತ್ತೇನೆ.

ಮಳೆಯ ಇನ್ನೊಂದು ಪರಿಣಾಮ ನೆಕ್ ಮೇಲೆ. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದರೆ, ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಕೂದಲೆಳೆಯಷ್ಟು ಜಾಗ ಇರಬೇಕು. ಅದನ್ನು ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಫೀಲರ್ ಗೇಜ್ ಕೇಳಿ ತಂದೆ. ಸ್ಪಾರ್ಕ್ ಪ್ಲಗ್‌ನ ಸಂದು ನೋಡುವ ಅದೇ ತೆಳು ಪಟ್ಟಿಗಳು. ಮೇ ತಿಂಗಳಲ್ಲಿ 0.25 ಮಿಲಿಮೀಟರ್ ಇಟ್ಟಿದ್ದೆ. ಜುಲೈಗೆ 0.4 ಆಗಿತ್ತು. ನೆಕ್‌ನ ಬಾಗು ಸರಿಮಾಡಲು ಅದರ ಒಳಗಿರುವ ಲೋಹದ ಸರಳು, ಟ್ರಸ್ ರಾಡ್ ಅನ್ನು ಕಾಲು ಸುತ್ತು ಬಿಗಿ ಮಾಡಿ ಒಂದು ದಿನ ಬಿಟ್ಟೆ. ಸರಿಯಾಯಿತು. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ. ಆಮೇಲೆ ಬ್ರಿಡ್ಜ್‌ನ ಸಣ್ಣ ಅಲೆನ್ ಸ್ಕ್ರೂಗಳಿಂದ ದಪ್ಪ ತಂತಿಯನ್ನು 1.8, ಸಣ್ಣ ತಂತಿಯನ್ನು 1.5 ಮಿಲಿಮೀಟರ್‌ಗೆ ಇಳಿಸಿದೆ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಗಿಟಾರ್ ಮಾತ್ರ ಬೇರೆಯದೇ ಅನ್ನಿಸಿತು.

ಎರಡನೇ ಕಾರ್ಯಕ್ರಮದಲ್ಲಿ ಒಂದು ಪಾಠ ಆಯಿತು. ಹಾಡಿನ ನಡುವೆ ಮೂರನೇ ತಂತಿ ಕಿತ್ತುಹೋಯಿತು. ಉಳಿದ ಐದೂ ತಂತಿಯ ಶ್ರುತಿ ಒಮ್ಮೆಲೇ ಮೇಲೇರಿತು. ಈ ಬ್ರಿಡ್ಜ್ ತಂತಿಗಳ ಎಳೆತ ಮತ್ತು ಹಿಂದಿನ ಸ್ಪ್ರಿಂಗ್‌ಗಳ ಎಳೆತದ ನಡುವೆ ತೂಗುತ್ತಾ ನಿಂತಿರುತ್ತದೆ. ಒಂದು ತಂತಿ ಹೋದರೆ ಸ್ಪ್ರಿಂಗ್ ಗೆಲ್ಲುತ್ತದೆ. ಹಾಡುವ ಅಕ್ಕ ಒಂದು ಚರಣ ಪೂರ್ತಿ ಹಾರ್ಮೋನಿಯಂ ಜೊತೆ ಮಾತ್ರ ಹಾಡಿ ಕಾಪಾಡಿದರು. ಮನೆಗೆ ಬಂದವನೇ ಹಿಂದಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಹಿಡಿದ ಎರಡು ಉದ್ದ ಸ್ಕ್ರೂಗಳನ್ನು ಬಿಗಿ ಮಾಡಿದೆ. ಮೂರು ಸ್ಪ್ರಿಂಗ್ ಇದ್ದವು, ಇನ್ನೊಂದು ಸೇರಿಸಿದೆ. ಈಗ ಬ್ರಿಡ್ಜ್ ಮರಕ್ಕೆ ಅಂಟಿ ಕೂತಿದೆ. ಬ್ರಿಡ್ಜ್‌ಗೆ ಸಿಕ್ಕಿಸಿದ ಸರಳು ಒತ್ತಿದರೆ ಸ್ವರ ಕೆಳಗೆ ಮಾತ್ರ ಜಗ್ಗುತ್ತದೆ. ಭಾವಗೀತೆಯ ಕೊನೆಯಲ್ಲಿ ಸ್ವರವನ್ನು ಸ್ವಲ್ಪ ಆಂದೋಲನ ಮಾಡಿ ಬಿಡಲು ನನಗೆ ಅಷ್ಟೇ ಸಾಕು. ಮೀಂಡ್ ಬೇಕಾದ ಕಡೆ ಬೆರಳಲ್ಲೇ ತಂತಿ ಎಳೆಯುತ್ತೇನೆ.

ಆ ತಂತಿ ಎಳೆತದಲ್ಲೇ ಇನ್ನೊಂದು ತೊಂದರೆ ಸಿಕ್ಕಿತು. ಎಳೆದು ಬಿಟ್ಟ ಮೇಲೆ ಮೂರನೇ ತಂತಿ ಮತ್ತೆ ಅದೇ ಶ್ರುತಿಗೆ ಬರುವುದಿಲ್ಲ. ಶ್ರುತಿ ಮಾಡುವಾಗ "ಟಿಕ್" ಅಂತ ಸಣ್ಣ ಸದ್ದು. ನಾನು ಟ್ಯೂನಿಂಗ್ ಕೀಗಳದ್ದೇ ತಪ್ಪು ಅಂದುಕೊಂಡಿದ್ದೆ. ಆ ಸದ್ದು ಕೇಳಿದರೆ ಮೊದಲು ನಟ್ ನೋಡಬೇಕು, ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ. ಪ್ಲಾಸ್ಟಿಕ್ ನಟ್‌ನ ಗೀರಿನಲ್ಲಿ ತಂತಿ ಸಿಕ್ಕಿಕೊಂಡು, ಆಮೇಲೆ ಜಾರುವ ಸದ್ದು ಅದು. ಪೆನ್ಸಿಲ್‌ನ ಸೀಸವನ್ನು ಗೀರಿಗೆ ಚೆನ್ನಾಗಿ ತಿಕ್ಕಿದೆ. ಮುಕ್ಕಾಲು ಪಾಲು ಸರಿಹೋಯಿತು. ಪೂರ್ತಿ ಸರಿಯಾಗಲು ಮೂಳೆಯ ನಟ್ ಹಾಕಿಸಬೇಕು. ಅದು ನನ್ನ ಪಟ್ಟಿಯಲ್ಲಿ ಮೊದಲನೆಯದು. ಗೀರು ಒಂದು ಎಳೆ ಆಳವಾದರೂ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಹಾಗಾಗಿ ಇದನ್ನು ಕೈ ಪಳಗಿದವರ ಹತ್ತಿರ ಮಾಡಿಸುವುದು ಒಳ್ಳೆಯದು.

ಈಗ ಧ್ವನಿಗೆ ಬರುತ್ತೇನೆ. ಯಾವ ಪಿಕಪ್ ಕೇಳಬೇಕು ಅಂತ ಆರಿಸುವ ಐದು ಹಂತದ ಸ್ವಿಚ್ ಇದೆ. ಮೊದಲ ಸ್ಟ್ರಾಟೋಕಾಸ್ಟರ್‌ಗಳಲ್ಲಿ ಮೂರೇ ಹಂತ ಇತ್ತು. ನುಡಿಸುವವರು ಸ್ವಿಚ್ಚನ್ನು ಎರಡು ಹಂತಗಳ ನಡುವೆ ನಿಲ್ಲಿಸಿ ಹೊಸ ಧ್ವನಿ ಕಂಡುಕೊಂಡರು. 1977ರಲ್ಲಿ ಫೆಂಡರ್ ಕಂಪನಿಯೇ ಐದು ಹಂತ ಕೊಟ್ಟಿತು. ಈ ಗಿಟಾರ್‌ನ ಜೀವ ಇರುವುದೂ ಆ ನಡುವಿನ ಧ್ವನಿಗಳಲ್ಲೇ. ನೆಕ್ ಪಿಕಪ್ ಮತ್ತು ನಡುವಿನದು ಸೇರಿದಾಗ ಬರುವ ನಾದ ಹಾಡುವವರ ದನಿಯ ಮೇಲೆ ಬೀಳುವುದಿಲ್ಲ, ಪಕ್ಕದಲ್ಲಿ ಹರಿಯುತ್ತದೆ. ನನ್ನ ಹಳೆಯ ಗಿಟಾರ್‌ನಲ್ಲಿ ಇದು ಸಿಕ್ಕೇ ಇರಲಿಲ್ಲ. ಬ್ರಿಡ್ಜ್ ಪಿಕಪ್ ಒಂದೇ ಇಟ್ಟರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಹಳೆಯ ಪದ್ಧತಿಯ ವೈರಿಂಗ್‌ನಲ್ಲಿ ಆ ಪಿಕಪ್‌ಗೆ ಟೋನ್ ಇರುವುದಿಲ್ಲ. ಸ್ವಿಚ್ ಮೇಲೆ ಒಂದು ತುಂಡು ವೈರ್ ಸೋಲ್ಡರ್ ಮಾಡಿ ಕೆಳಗಿನ ಟೋನ್ ಅದಕ್ಕೂ ಸಿಗುವಂತೆ ಮಾಡಿದೆವು. ಐದು ನಿಮಿಷದ ಕೆಲಸ.

ಹಮ್, ಅಂದರೆ ನುಡಿಸದಿದ್ದಾಗಲೂ ಬರುವ ಗುಂಯ್ ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಿಂಗಲ್ ಕಾಯಿಲ್ ಅಂದರೆ ಒಂದು ಆಂಟೆನಾ ಇದ್ದ ಹಾಗೆ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ, ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್, ಎಲ್ಲದರ ಸದ್ದನ್ನೂ ಹಿಡಿಯುತ್ತದೆ. ಎರಡು ಪಿಕಪ್ ಜೊತೆಯಾಗುವ ಆ ನಡುವಿನ ಎರಡು ಹಂತಗಳಲ್ಲಿ ಹಮ್ ಕಡಿಮೆ. ಯಾಕೆಂದರೆ ನಡುವಿನ ಪಿಕಪ್‌ನ ಸುತ್ತು ಮತ್ತು ಅಯಸ್ಕಾಂತ ಎರಡೂ ಉಲ್ಟಾ ಇವೆ. ಜೊತೆ ಸೇರಿದಾಗ ಹಮ್ ಒಂದನ್ನೊಂದು ಕಳೆಯುತ್ತದೆ, ನಾದ ಉಳಿಯುತ್ತದೆ. ಉಳಿದ ಮೂರು ಹಂತಗಳಲ್ಲಿ ಆ ಅನುಕೂಲ ಇಲ್ಲ. ಒಂದು ಜಾತ್ರೆಯಲ್ಲಿ ಜನರೇಟರ್, ಸಾಲು ಸಾಲು ಎಲ್‌ಇಡಿ ದೀಪ. ಹಾಡು ನಿಂತಾಗಲೆಲ್ಲ ಗಿಟಾರ್ ಗುಂಯ್ ಅನ್ನುತ್ತಿತ್ತು. ವಾಲ್ಯೂಮ್ ಮುಚ್ಚಿಕೊಂಡೇ ಕೂರಬೇಕಾಯಿತು.

ರೇಡಿಯೋ ರಿಪೇರಿಯ ಅಣ್ಣನ ಜೊತೆ ಒಂದು ಭಾನುವಾರ ಗಿಟಾರ್ ಬಿಚ್ಚಿದೆವು. ಪ್ಲಾಸ್ಟಿಕ್ ಹಲಗೆಯ ಹಿಂದೆ ಪಾಟ್‌ಗಳ ಸುತ್ತ ಸಣ್ಣ ಲೋಹದ ಹಾಳೆ ಬಿಟ್ಟರೆ ಒಳಗೆ ಬರೀ ಮರ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾಮ್ರದ ಟೇಪ್ ತರಿಸಿ ಮರದಲ್ಲಿ ಕೊರೆದ ಗುಂಡಿಯ ಒಳಗೋಡೆಗೆಲ್ಲ ಹಚ್ಚಿದೆವು, ಹಲಗೆಯ ಬೆನ್ನಿಗೂ ಹಚ್ಚಿದೆವು. ಟೇಪಿನ ಅಂಟು ಕರೆಂಟ್ ಹಾಯಿಸುತ್ತದೆ ಅಂತ ನಂಬಬೇಡಿ. ತುಂಡು ತುಂಡು ಸೇರುವ ಕಡೆ ಸೋಲ್ಡರ್ ಹಾಕಿ, ಮಲ್ಟಿಮೀಟರ್ ಇಟ್ಟು ನೋಡಿ, ಕೊನೆಗೆ ಎಲ್ಲವನ್ನೂ ಗ್ರೌಂಡ್‌ಗೆ ಸೇರಿಸಿ. ದೀಪ, ಚಾರ್ಜರ್‌ಗಳ ಚರಚರ ಸದ್ದು ಅರ್ಧಕ್ಕಿಂತ ಜಾಸ್ತಿ ಹೋಯಿತು. ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತರೆ ಬರುವ ಹಮ್ ಹಾಗೇ ಇದೆ. ಅದು ಕಾಂತಕ್ಷೇತ್ರದ ಹಮ್, ತೆಳು ತಾಮ್ರಕ್ಕೆ ನಿಲ್ಲುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಗಿಟಾರ್ ಸ್ವಲ್ಪ ತಿರುಗಿಸಿದರೆ ಇಳಿಯುತ್ತದೆ.

ಇದೇ ಜಾಗದಲ್ಲಿ ಒಂದು ಮುಖ್ಯ ಮಾತು. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಪೆಂಡಾಲಿನಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ, ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಶಾಕ್ ಹೊಡೆಯುತ್ತದೆ. ಹಮ್ ಹೋಗಲಿ ಅಂತ ಕೆಲವರು ಪ್ಲಗ್‌ನ ಮೂರನೇ ಪಿನ್ ತೆಗೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಈಗ ಪ್ರತಿ ವೇದಿಕೆಯಲ್ಲೂ ಮೊದಲು ಮೈಕ್‌ನ ಜಾಲರಿಗೆ ಟೆಸ್ಟರ್ ಇಟ್ಟು ನೋಡುತ್ತೇನೆ. ಆಮೇಲೆ ನುಡಿಸುವುದು.

ಇನ್ನೊಂದು ಸಣ್ಣ ಬದಲಾವಣೆ ನನಗೆ ತುಂಬ ಉಪಯೋಗವಾಗಿದೆ. ಹಾಡು ಶುರುವಾದಾಗ ನಾನು ವಾಲ್ಯೂಮ್ ಇಳಿಸುತ್ತೇನೆ. ಹತ್ತರಿಂದ ಆರಕ್ಕೆ ಬಂದ ಕೂಡಲೇ ಧ್ವನಿಯ ಹೊಳಪೂ ಹೋಗಿ, ಕಂಬಳಿ ಹೊದಿಸಿದ ಹಾಗೆ ಮಂದವಾಗುತ್ತಿತ್ತು. ವಾಲ್ಯೂಮ್ ಪಾಟ್‌ನ ಎರಡು ಕಾಲುಗಳ ನಡುವೆ 102 ಅಂತ ಬರೆದ ಪುಟ್ಟ ಕೆಪಾಸಿಟರ್, ಅದರ ಜೊತೆಗೆ 150 ಕಿಲೋ ಓಮ್‌ನ ರೆಸಿಸ್ಟರ್ ಹಾಕಿದೆವು. ಗಿಟಾರ್‌ನವರು ಇದನ್ನು ಟ್ರೆಬಲ್ ಬ್ಲೀಡ್ ಅನ್ನುತ್ತಾರೆ. ಎರಡೂ ಸೇರಿ ಹತ್ತು ರೂಪಾಯಿ ಒಳಗೆ. ಈಗ ದನಿ ಸಣ್ಣದಾದರೂ ಸ್ಪಷ್ಟವಾಗಿಯೇ ಇರುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ, ಪಿಕಪ್ ಬದಲಾಯಿಸುತ್ತೀಯಾ? ಇದರಲ್ಲಿರುವುದು ಸೆರಾಮಿಕ್ ಅಯಸ್ಕಾಂತದ ಅಗ್ಗದ ಪಿಕಪ್. ಸ್ವಲ್ಪ ಗಡಸು ಹೌದು. ಆದರೆ ಅಂಗಡಿಯಿಂದ ಬಂದಾಗ ಅವು ತಂತಿಗೆ ತೀರಾ ಹತ್ತಿರ ಇದ್ದವು. ಕೊನೆಯ ಫ್ರೆಟ್ ಒತ್ತಿ ಹಿಡಿದು ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಬರುವ ಹಾಗೆ ಇಳಿಸಿದೆ. ಗಡಸುತನ ಎಷ್ಟೋ ಇಳಿಯಿತು, ಸ್ವರ ಉದ್ದ ನಿಲ್ಲುತ್ತದೆ. ಹಾಗಾಗಿ ಈ ವರ್ಷ ಪಿಕಪ್‌ಗೆ ದುಡ್ಡು ಹಾಕುವುದಿಲ್ಲ. ಗಿಟಾರ್‌ನ ಬೆಲೆಯ ಅರ್ಧ ಕೊಟ್ಟು ಪಿಕಪ್ ತಂದು, ತಂತಿ ನಟ್‌ನಲ್ಲೇ ಸಿಕ್ಕಿಕೊಂಡರೆ ಏನು ಬಂತು? ಬದಲಾಯಿಸುವ ದಿನ ಬಂದರೆ ಬ್ರಿಡ್ಜ್‌ನದೊಂದನ್ನೇ, ಹಮ್ ಬಾರದ ಜೋಡಿ ಕಾಯಿಲ್‌ನದಕ್ಕೆ ಬದಲಾಯಿಸುತ್ತೇನೆ. ನೆಕ್ ಮತ್ತು ನಡುವಿನದನ್ನು ಮುಟ್ಟುವ ಮನಸ್ಸಿಲ್ಲ.

ಇದೇ ದುಡ್ಡಿಗೆ ಮತ್ತೆ ಇದನ್ನೇ ಕೊಳ್ಳುತ್ತೀಯಾ ಅಂದರೆ ಹೌದು, ಕೊಳ್ಳುತ್ತೇನೆ. ಒಳ್ಳೆಯ ನೆಕ್, ನೇರವಾದ ಫ್ರೆಟ್, ಆ ಎರಡು ನಡುವಿನ ಧ್ವನಿ. ಇವು ಆಮೇಲೆ ಹಾಕಿಸಲು ಬರುವುದಿಲ್ಲ. ಉಳಿದದ್ದೆಲ್ಲ ಸ್ಕ್ರೂಡ್ರೈವರ್‌ನ ಕೆಲಸ.

ಮೂಳೆಯ ತುಂಡು ತರಿಸಿ ಇಟ್ಟಿದ್ದೇನೆ. ಶಿವಮೊಗ್ಗದಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರು ಮಳೆ ಸ್ವಲ್ಪ ಇಳಿಯಲಿ, ನೆಕ್ ಒಂದು ಹದಕ್ಕೆ ನಿಲ್ಲಲಿ, ಆಗ ತಾ ಅಂದಿದ್ದಾರೆ. ಶನಿವಾರ ಹೊಸನಗರದಲ್ಲಿ ಎಂಟನೇ ಕಾರ್ಯಕ್ರಮ. ಚೀಲದ ಜೇಬಿನಲ್ಲಿ ಎರಡು ಸೆಟ್ ತಂತಿ, ಒಂದು ಪೆನ್ಸಿಲ್, ಟೆಸ್ಟರ್ ಇಟ್ಟುಕೊಂಡಿದ್ದೇನೆ.